ಮ್ಯಾಲಿಂದ ಬೀಳತೈತಂತ

2025ರ ಫೆಬ್ರವರಿಯಲ್ಲಿ ಕೆಲವು ದಿನ ಒಂದು ಅಂಕಿ ನಮ್ಮ ಮೊಬೈಲುಗಳಲ್ಲಿ ಓಡಾಡಿತು: ನೂರಕ್ಕೆ 3.1. 2024ರ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕವೊಂದರ ಕಣ್ಣಿಗೆ ಬಿದ್ದಿದ್ದ ಒಂದು ಕ್ಷುದ್ರಗ್ರಹ, 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಅದು. ಕ್ಷುದ್ರಗ್ರಹದ ಹೆಸರು 2024 ವೈಆರ್4. ಬಡಿದರೆ ಎಲ್ಲಿ ಬಡಿದೀತು ಎಂದು ವಿಜ್ಞಾನಿಗಳು ನಕಾಶೆಯ ಮೇಲೆ ಉದ್ದನೆಯ ಪಟ್ಟೆಯೊಂದನ್ನು ಎಳೆದಿದ್ದರು. ಪೆಸಿಫಿಕ್ ಸಾಗರದ ಪೂರ್ವಭಾಗದಿಂದ ಹೊರಟ ಆ ಪಟ್ಟೆ ದಕ್ಷಿಣ ಅಮೆರಿಕದ ಉತ್ತರ ತುದಿ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ದಕ್ಷಿಣ ಏಷ್ಯಾಕ್ಕೆ ಬಂದು ಮುಗಿಯುತ್ತಿತ್ತು. ಅಷ್ಟು ಸಾಕಾಯಿತು. ನಮ್ಮ ಕೊಪ್ಪಳದ ವಾಟ್ಸ್ಯಾಪ್ ಗುಂಪುಗಳಲ್ಲಿ ಆ ಪಟ್ಟೆ ಬರಬರುತ್ತಾ ಅಗಲವಾಗಿ, ಕೊನೆಗೆ ತುಂಗಭದ್ರಾ ಡ್ಯಾಮಿನ ತನಕ ಬಂದಿತ್ತು. ಫೆಬ್ರವರಿ 24ರ ಹೊತ್ತಿಗೆ ಸಾಧ್ಯತೆ ನೂರಕ್ಕೆ 0.004ಕ್ಕೆ ಇಳಿಯಿತು. ಇಳಿದ ಸುದ್ದಿಯನ್ನು ಮಾತ್ರ ಯಾರೂ ಯಾರಿಗೂ ಕಳಿಸಲಿಲ್ಲ.

ನಾನು ಇತಿಹಾಸ ಪಾಠ ಮಾಡುವವನು, ಖಗೋಳ ನನ್ನ ವಿಷಯವಲ್ಲ. ಆದರೆ ಆ ದಿನಗಳಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಿಂದ ನನಗೊಂದು ಗೀಳು ಹತ್ತಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಈ ನಾಲ್ಕು ತಾಲೂಕುಗಳಿಗೆ ಆಕಾಶದಿಂದ ಬರುವ ಅಪಾಯದ ಸುದ್ದಿ ಹಿಂದೆಲ್ಲ ಹೇಗೆ ಬಂದಿತ್ತು? ಯಾರು ತಂದರು? ಬಂದಾಗ ಜನ ಏನು ಮಾಡಿದರು?

ಅದಕ್ಕೂ ಮೊದಲು ಆ 3.1ರ ಬಗ್ಗೆ ಒಂದು ಮಾತು. ಜನವರಿಯಲ್ಲಿ ನೂರಕ್ಕೆ ಒಂದರಷ್ಟಿದ್ದ ಸಾಧ್ಯತೆ ಫೆಬ್ರವರಿಯಲ್ಲಿ ಮೂರಕ್ಕೇರಿ, ಒಂದೇ ವಾರದಲ್ಲಿ ಇಲ್ಲವೆನ್ನುವಷ್ಟಾದದ್ದು ಹೇಗೆ? 'ಏನೋ ಮುಚ್ಚಿಡ್ತಿದಾರೆ ಸರ್' ಎಂದ ಹುಡುಗನೊಬ್ಬ. ನಾನು ಅವನಿಗೆ ಎತ್ತಿನ ಲೆಕ್ಕ ಹೇಳಿದೆ. ಒಬ್ಬ ರೈತನ ಎತ್ತು ಹಗ್ಗ ಹರಿದುಕೊಂಡು ಹೋಗಿದೆ. ನಾಲ್ಕು ತಾಲೂಕಿನಲ್ಲಿ ಎಲ್ಲೋ ಇದೆ ಎಂದಷ್ಟೇ ಗೊತ್ತಿದ್ದಾಗ ಅದು ನಮ್ಮೂರ ಹೊಲದಲ್ಲಿರುವ ಸಾಧ್ಯತೆ ಬಹಳ ಕಡಿಮೆ. ಕುಷ್ಟಗಿ ತಾಲೂಕಿನಾಚೆ ಹೋಗಿಲ್ಲ ಎಂದು ಗೊತ್ತಾಯಿತು, ನಮ್ಮೂರು ಅದೇ ತಾಲೂಕಿನಲ್ಲಿದೆ; ಈಗ ನಮ್ಮೂರಿನ ಪಾಲು ಹೆಚ್ಚಾಯಿತು. ಹತ್ತು ಊರುಗಳೊಳಗೆ ಇದೆ ಎಂದು ತಿಳಿಯಿತು, ನಮ್ಮ ಪಾಲು ಇನ್ನೂ ಹೆಚ್ಚಾಯಿತು. ಕೊನೆಗೆ ಪಕ್ಕದೂರಿನ ಹಳ್ಳದ ದಂಡೆಯಲ್ಲಿ ಗೊರಸಿನ ಗುರುತು ಸಿಕ್ಕಿತು, ನಮ್ಮ ಪಾಲು ಸೊನ್ನೆ. ಇಷ್ಟರಲ್ಲಿ ಎತ್ತೇನೂ ನಮ್ಮೂರ ಕಡೆಗೆ ಬಂದು ವಾಪಸು ಹೋಗಿಲ್ಲ. ಹುಡುಕುವ ಜಾಗ ಕಿರಿದಾಯಿತು, ಅಷ್ಟೆ. ಕ್ಷುದ್ರಗ್ರಹಗಳ ವಿಷಯದಲ್ಲಿ ಸಾಧ್ಯತೆ ಮೊದಲು ಏರಿ ಆಮೇಲೆ ದಿಢೀರನೆ ಬೀಳುವುದು ಇದೇ ಕಾರಣಕ್ಕೆ. ಹುಡುಗ ಒಪ್ಪಿದ. ಆದರೆ 'ಇದನ್ನ ಟಿವಿಯವರು ಯಾಕೆ ಹೇಳಲಿಲ್ಲ' ಎಂದು ಕೇಳಿದ. ಈ ಪ್ರಶ್ನೆಯೇ ನನ್ನನ್ನು ಹಿಂದಕ್ಕೆ ಕರೆದೊಯ್ದದ್ದು.

ನಮ್ಮ ಕಡೆ ಆಕಾಶದ ಭಯದ ಅತ್ಯಂತ ಹಳೆಯ ಗುರುತು ಎಂದು ನಾನು ತೋರಿಸಬಹುದಾದದ್ದು ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಸುಮಾರು ನಾನೂರು ಶಿಲಾಸಮಾಧಿಗಳು ಅಲ್ಲಿವೆ. ಮೂರು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಪುಟ್ಟ ಮನೆಗಳಂಥವು. ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ಜನ ಇದನ್ನು ಕರೆಯುವುದು ಮೋರ್ಯರ ಗುಡ್ಡ ಎಂದು, ಆ ಮನೆಗಳನ್ನು ಕಟ್ಟಿದವರು ಮೋರ್ಯರು ಎಂಬ ಕುಳ್ಳರು ಎಂದು. ಆ ಕುಳ್ಳರು ಏನಾದರು? ದಕ್ಷಿಣ ಭಾರತದ ಹಲವು ಕಡೆ ಇಂಥ ಕಲ್ಲುಮನೆಗಳ ಸುತ್ತ ಒಂದೇ ಉತ್ತರವಿದೆ: ಬೆಂಕಿಮಳೆ ಬಂತು. ಮಳೆ ಬರುತ್ತದೆಂದು ಮೊದಲೇ ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಒಳಗೆ ಹೊಕ್ಕರು, ಅಲ್ಲೇ ಸತ್ತರು.

ಇದು ಇತಿಹಾಸವಲ್ಲ. ಅವು ಸಮಾಧಿ ಮತ್ತು ಸ್ಮಾರಕಗಳು, ಯಾರೂ ಅವುಗಳೊಳಗೆ ಬಾಳ್ವೆ ಮಾಡಿದವರಲ್ಲ. ಹಿರೇಬೆಣಕಲ್ಲಿಗೆ ಬೆಂಕಿ ಸುರಿದದ್ದಕ್ಕೆ ಯಾವ ಪುರಾವೆಯೂ ಇಲ್ಲ. ಬೆಂಕಿಮಳೆ ಎಂದೊಡನೆ ಇದು ಉಲ್ಕಾಪಾತದ ನೆನಪು ಎಂದು ಬರೆದುಬಿಡುವ ಆಸೆ ನನಗೂ ಆಗುತ್ತದೆ. ಅಂಥ ಲೇಖನಗಳು ಬೇಕಾದಷ್ಟು ಬರುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅರ್ಥ ಮರೆತುಹೋದ ಕಲ್ಲುಗಳನ್ನು ಕಂಡ ಮುಂದಿನವರು ಇಷ್ಟೊಂದು ಗಟ್ಟಿಯಾದ ಮನೆ ಯಾಕೆ ಬೇಕಾಯಿತು ಎಂದು ಯೋಚಿಸಿ, ಮೇಲಿನಿಂದ ಏನೋ ಬೀಳಲಿಕ್ಕಿತ್ತು ಎಂಬ ಕಾರಣ ಕಟ್ಟಿಕೊಂಡರು. ಅದೇ ಗುಡ್ಡದ ಮೇಲೊಂದು ನಗಾರಿ ಗುಂಡಿದೆ. ಅರ್ಧ ಚೆಂಡಿನಾಕಾರದ ಹೆಬ್ಬಂಡೆ ಅದು, ಹೊಡೆದರೆ ದೂರದವರೆಗೆ ನಾದ ಕೇಳುತ್ತದೆ. ಯಾಕೆ ಬಾರಿಸುತ್ತಿದ್ದರೋ. ಊರಿಗೆ ಸುದ್ದಿ ಮುಟ್ಟಿಸುವ ಸಾಧನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಉಳಿದಿರುವ ಅತ್ಯಂತ ಹಳೆಯದು ಅದೇ ಇರಬಹುದೆಂದು ನಾನು ತಮಾಷೆಗೆ ಹೇಳುವುದುಂಟು.

ಅಲ್ಲಿಂದ ಶಾಸನಗಳ ಕಾಲಕ್ಕೆ ಬಂದರೆ ಆಕಾಶದ ಭಯಕ್ಕೆ ಒಂದು ಶಿಸ್ತು ಬಂದಿರುವುದು ಕಾಣುತ್ತದೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯವಿದೆ, ಪಕ್ಕದ ಕುಕನೂರಿನಲ್ಲಿ ಅದಕ್ಕಿಂತ ಹಳೆಯ ಗುಡಿಗಳಿವೆ. ಈ ನೆಲದ ತುಂಬ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಗೊತ್ತು, ದಾನ ಕೊಟ್ಟ ದಿನವನ್ನು ಹೇಳುವಾಗ ಮತ್ತೆ ಮತ್ತೆ ಬರುವ ಮಾತುಗಳು ಕೆಲವೇ: ಸಂಕ್ರಾಂತಿ, ವ್ಯತೀಪಾತ, ಸೂರ್ಯಗ್ರಹಣ, ಸೋಮಗ್ರಹಣ. ಗ್ರಹಣ ಹೆದರಬೇಕಾದ ಹೊತ್ತು ನಿಜ, ಆದರೆ ಆ ಹೊತ್ತು ಯಾವಾಗ ಬರುತ್ತದೆಂದು ಪಂಚಾಂಗದವನಿಗೆ ಮೊದಲೇ ಗೊತ್ತು. ಬಂದಾಗ ಏನು ಮಾಡಬೇಕು ಎಂಬುದೂ ಗೊತ್ತು: ಮೀಯಬೇಕು, ಕೊಡಬೇಕು, ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಬೇಕು. ಹೀಗೆ ಬರೆಸಿದ್ದರಿಂದಲೇ ಇವತ್ತಿನ ನಾವು ಗ್ರಹಣದ ಲೆಕ್ಕ ಹಿಂದಕ್ಕೆ ಹಾಕಿ, ಶಾಸನದ ತೇದಿ ಸರಿಯೋ ತಪ್ಪೋ ಎಂದು ತಾಳೆ ನೋಡುತ್ತೇವೆ. ರಾಹುವಿನ ಹೆಸರಲ್ಲಿ ಕೊಟ್ಟ ಭೂಮಿ ಇತಿಹಾಸಕಾರನ ಗಡಿಯಾರವಾಯಿತು.

ಇದನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಗ್ರಹಣ ಯಾವಾಗ ಎಂದು ಹೇಳುವ ವಿದ್ಯೆ ಇದ್ದವರೂ ಗ್ರಹಣದ ದಾನ ಪಡೆಯುತ್ತಿದ್ದವರೂ ಬಹಳ ಸಲ ಒಂದೇ ಕೇರಿಯವರು ಎಂಬುದನ್ನು ಮರೆಯಬಾರದು. ಹೊಲ ಉಳುವವನಿಗೆ ಬಂದದ್ದು ಮುಹೂರ್ತ ಮಾತ್ರ, ಲೆಕ್ಕ ಬರಲಿಲ್ಲ. ಈ ಗೆರೆ ನಮ್ಮ ಕಥೆಯಲ್ಲಿ ಮುಂದೆಯೂ ಬರುತ್ತದೆ.

ನಿಜಾಮರ ಕಾಲಕ್ಕೆ ಬರೋಣ. ಆಗ ಗಂಗಾವತಿಯ ಕೆಳಗೆ ಹರಿಯುವ ತುಂಗಭದ್ರೆಯೇ ಗಡಿ. ಆಚೆ ದಡದ ಹೊಸಪೇಟೆ, ಬಳ್ಳಾರಿ ಮದ್ರಾಸು ಪ್ರಾಂತ್ಯ. ಈಚೆ ದಡ ಹೈದರಾಬಾದು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಎರಡೂ ದಡದ ಸರಕಾರಗಳಿಗೆ ಒಂದೊಂದು ವೀಕ್ಷಣಾಲಯವಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮದ್ರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ 1861ರ ಏಪ್ರಿಲಿನಲ್ಲಿ ಒಂದು ಕ್ಷುದ್ರಗ್ರಹ ಕಂಡುಹಿಡಿದ. ಭಾರತದ ನೆಲದಿಂದ ಕಂಡ ಮೊದಲ ಕ್ಷುದ್ರಗ್ರಹ ಅದು, ಅದಕ್ಕೆ 'ಏಷ್ಯಾ' ಎಂದೇ ಹೆಸರಿಟ್ಟ. 1885ರ ತನಕ ಇನ್ನೂ ಕೆಲವನ್ನು ಕಂಡ. ಹೈದರಾಬಾದಿನಲ್ಲಿ ನವಾಬ ಜಫರ್ ಜಂಗ್ ಸ್ವಂತ ಆಸಕ್ತಿಯಿಂದ 1901ರಲ್ಲಿ ಶುರುಮಾಡಿದ ವೀಕ್ಷಣಾಲಯವನ್ನು ಅವನ ನಂತರ ನಿಜಾಮ ಸರಕಾರ ವಹಿಸಿಕೊಂಡಿತು. ಜಗತ್ತಿನ ಹಲವು ವೀಕ್ಷಣಾಲಯಗಳು ಆಕಾಶವನ್ನು ಪಾಲು ಹಂಚಿಕೊಂಡು ನಕ್ಷತ್ರಗಳ ಫೋಟೋ ತೆಗೆದು ಪಟ್ಟಿ ಮಾಡುವ ದೊಡ್ಡ ಕೆಲಸ ಆಗ ನಡೆದಿತ್ತು. ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯ ತನ್ನ ಪಾಲಿಗೆ ಬಂದ ಪಟ್ಟೆಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆದು ಅಚ್ಚು ಹಾಕಿಸಿತು. ಚಲಿಸುವ ಕಲ್ಲನ್ನು ಗುರುತಿಸಬೇಕಾದರೆ ಮೊದಲು ಚಲಿಸದ ಚುಕ್ಕೆಗಳ ಜಾಗ ಗೊತ್ತಿರಬೇಕು. ಇಂದಿನ ಕ್ಷುದ್ರಗ್ರಹ ಬೇಟೆಯ ಅಡಿಪಾಯ ಇಂಥ ಪಟ್ಟಿಗಳೇ.

ಈ ಸಾಲು ಅಲ್ಲಿಗೆ ನಿಲ್ಲಲಿಲ್ಲ. ನಿಜಾಮಿಯಾದಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ವೈನು ಬಾಪು. ಹೈದರಾಬಾದಿನಲ್ಲಿ ಓದಿ, ಆ ಸರಕಾರದ ವಿದ್ಯಾರ್ಥಿವೇತನದಿಂದ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಧೂಮಕೇತುವೊಂದನ್ನು ಕಂಡ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು, ಕಾವಲೂರಿನಲ್ಲಿ ದೂರದರ್ಶಕಗಳನ್ನು ನಿಲ್ಲಿಸಿದವರು ಅವರೇ. ಅದೇ ಕಾವಲೂರಿನಿಂದ ರಾಜಮೋಹನ್ ಮತ್ತು ಅವರ ಸಂಗಡಿಗರು 1988ರ ಫೆಬ್ರವರಿಯಲ್ಲಿ ಒಂದು ಕ್ಷುದ್ರಗ್ರಹ ಕಂಡರು. ಪಾಗ್ಸನ್ ಬಳಿಕ ನೂರು ವರ್ಷ ಕಳೆದ ಮೇಲೆ. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರು ಇಟ್ಟರು. ಹುಡುಕಾಟದ ಯೋಜನೆಗೆ ಇಟ್ಟಿದ್ದ ಹೆಸರು 'ಕಲ್ಕಿ'. ಯುಗಾಂತ್ಯಕ್ಕೆ ಬರುವವನ ಹೆಸರನ್ನು ಯಾರು ಸೂಚಿಸಿದರೋ, ಅವರಿಗೆ ಹಾಸ್ಯಪ್ರಜ್ಞೆ ಇತ್ತು.

ಗಂಗಾವತಿ, ಕುಷ್ಟಗಿಗಳ ರೈತ ಕಟ್ಟಿದ ಕಂದಾಯದಲ್ಲಿ ಒಂದು ಕಾಸಾದರೂ ಆ ನಕ್ಷತ್ರಪಟ್ಟಿಗೆ ಹೋಗಿರಬೇಕು. ಆದರೆ ಪಟ್ಟಿಯಿಂದ ಕುಷ್ಟಗಿಗೆ ವಾಪಸು ಬಂದದ್ದೇನೂ ಇಲ್ಲ. ಆಡಳಿತದ ಭಾಷೆ ಉರ್ದು, ಪಟ್ಟಿಯ ಭಾಷೆ ಇಂಗ್ಲಿಷು, ರೈತನ ಭಾಷೆ ಕನ್ನಡ. ಲೆಕ್ಕ ಮೇಲೆಯೇ ಉಳಿಯಿತು.

1962ರ ಅಷ್ಟಗ್ರಹ ಕೂಟಕ್ಕೆ ನಾನು ಬಹಳ ಹೊತ್ತು ನಿಲ್ಲುವುದಿಲ್ಲ. ಫೆಬ್ರವರಿ 3ರಿಂದ 5ರ ತನಕ ಸೂರ್ಯ, ಚಂದ್ರ, ಐದು ಗ್ರಹಗಳು, ಜೊತೆಗೆ ಕೇತು ಮಕರ ರಾಶಿಯಲ್ಲಿ ಸೇರುತ್ತವೆ, ಲೋಕಕ್ಕೆ ಕೇಡು ಎಂದು ದೇಶದ ತುಂಬ ಹೋಮ ಹವನ ನಡೆದವು. ಇಲ್ಲಿಯೂ ಭಜನೆಗಳಾದವು ಎಂದು ಹಿರಿಯರು ಹೇಳುತ್ತಾರೆ. ಮೂರು ದಿನ ಕಳೆದವು, ಅದೇ ತಿಂಗಳು ಜನ ಸಾಲುಗಟ್ಟಿ ನಿಂತು ಮಹಾಚುನಾವಣೆಯಲ್ಲಿ ಓಟು ಹಾಕಿದರು. ಆ ಭಯ ಪಂಚಾಂಗದ ಭಾಷೆಯಲ್ಲೇ ಬಂದದ್ದು; ಹಳೆಯ ಭಯ, ಹಳೆಯ ಮದ್ದು.

ಹೊಸ ಭಾಷೆಯಲ್ಲಿ ಬಂದ ಭಯ 1979ರದು. ಅದನ್ನು ಹೇಳಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಭಾರತ ಸರಕಾರ ಅಮೆರಿಕದ ನಾಸಾದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ನಮ್ಮ ನಾಲ್ಕು ತಾಲೂಕುಗಳು ಆಗ ರಾಯಚೂರು ಜಿಲ್ಲೆಯವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕರೆಂಟು ಸರಿಯಾಗಿ ಬಾರದ ಊರುಗಳಲ್ಲಿ ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯ ಛತ್ರಿ ನಿಲ್ಲಿಸಿ, ಶಾಲೆಯ ಮುಂದೆ ಜನ ನೆಲದ ಮೇಲೆ ಕೂತು, ಬೇಸಾಯ, ಆರೋಗ್ಯ, ನಾಟಕ ನೋಡಿದರು. ಬೆಂಗಳೂರಿನ ಮನೆಗಳಲ್ಲೇ ಟಿವಿ ಇಲ್ಲದ ಕಾಲ ಅದು. ವರ್ಷ ಮುಗಿಯಿತು, ಉಪಗ್ರಹವನ್ನು ಸರಿಸಿಕೊಂಡು ಹೋದರು, ಪೆಟ್ಟಿಗೆ ಸುಮ್ಮನಾಯಿತು. ಆದರೆ ಒಂದು ತಿಳಿವಳಿಕೆ ಊರಲ್ಲಿ ಉಳಿಯಿತು: ಅಮೆರಿಕದವರು ನಮ್ಮ ತಲೆಯ ಮೇಲೆ ವಸ್ತುಗಳನ್ನು ತೂಗುಹಾಕಬಲ್ಲರು.

ಹೀಗಿರುವಾಗ ಸ್ಕೈಲ್ಯಾಬ್ ಬೀಳುತ್ತದಂತೆ ಎಂಬ ಸುದ್ದಿ ಬಂತು. 1973ರ ಮೇ 14ರಂದು ಹಾರಿಸಿದ್ದ, ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ ಅದು. ಮೂರು ತಂಡಗಳು ಅಲ್ಲಿ ಇದ್ದು ಬಂದ ಮೇಲೆ 1974ರಿಂದ ಖಾಲಿ ಸುತ್ತುತ್ತಿತ್ತು. ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಹೆಚ್ಚಾಗಿ, ಭೂಮಿಯ ವಾತಾವರಣ ಬಿಸಿಯೇರಿ ಹಿಗ್ಗಿ, ಅದರ ತಡೆಗೆ ಸಿಕ್ಕ ಸ್ಕೈಲ್ಯಾಬ್ ಇಳಿಯತೊಡಗಿತು. ಯಾವ ಹೊತ್ತಿಗೆ ಎಲ್ಲಿ ಎಂಬುದನ್ನು ನಾಸಾ ಕೂಡ ಕೊನೆಯ ಗಳಿಗೆಯ ತನಕ ಖಚಿತವಾಗಿ ಹೇಳುವಂತಿರಲಿಲ್ಲ. ಆದರೆ ಒಂದು ಲೆಕ್ಕ ಹೇಳಿತ್ತು. ಅದರ ಚೂರು ಜಗತ್ತಿನಲ್ಲಿ ಯಾರಾದರೂ ಒಬ್ಬರಿಗೆ ಬಡಿಯುವ ಸಾಧ್ಯತೆ 152ರಲ್ಲಿ ಒಂದು. ಇಂಥವನೇ ಎಂದು ಒಬ್ಬನನ್ನು ಹೆಸರಿಸಿ ಕೇಳಿದರೆ, ಅವನಿಗೆ ಬಡಿಯುವ ಸಾಧ್ಯತೆ 60,000 ಕೋಟಿಯಲ್ಲಿ ಒಂದು. ಮೊದಲ ಅಂಕಿ ಹೆದರಿಸುತ್ತದೆ, ಎರಡನೆಯದು ನಗಿಸುತ್ತದೆ. ಎರಡೂ ಒಂದೇ ಲೆಕ್ಕ.

ನಮ್ಮ ಊರುಗಳಿಗೆ ಎರಡೂ ಅಂಕಿ ಬರಲಿಲ್ಲ. ಬಂದದ್ದು ಕ್ರಿಯಾಪದ ಮಾತ್ರ: ಮ್ಯಾಲಿಂದ ಬೀಳತೈತಂತ. ಧಾರವಾಡ ಆಕಾಶವಾಣಿ ಹೇಳಿದ್ದನ್ನು ಕೇಳಿದವರು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು, ಅಲ್ಲಿ ಕೇಳಿದವರು ಸಂತೆಯಲ್ಲಿ ಹೇಳಿದರು. ಆಂಧ್ರದ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಆಗ ನಡೆದದ್ದೇ ನಮ್ಮಲ್ಲೂ ನಡೆಯಿತು. ಜನ ಕೋಳಿ ಕುರಿ ಕೊಯ್ದು ಉಂಡರು. ಹೊಸ ಬಟ್ಟೆ ತೊಟ್ಟರು. ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿಕೊಂಡರು. ಸತ್ತರೆ ಎಲ್ಲ ಕೂಡಿಯೇ ಸಾಯೋಣ ಎಂದು. ನಮ್ಮ ಅವ್ವನ ತವರುಮನೆಯಲ್ಲಿ ಎರಡು ಆಡುಗಳನ್ನು ಸಿಕ್ಕ ಬೆಲೆಗೆ ಮಾರಿದರಂತೆ. ಅವ್ವ ಇದನ್ನು ನಗುತ್ತಲೇ ಹೇಳುತ್ತಿದ್ದಳು, ಕೊನೆಗೆ ಮಾತ್ರ ಒಂದು ಮಾತು ಸೇರಿಸುತ್ತಿದ್ದಳು: 'ಎಲ್ಲಾರೂ ಸಾಯೂದ ಖರೇ ಆದ್ರ ರೊಕ್ಕ ತಗೊಂಡು ಏನ್ ಮಾಡಾವ್ರು? ಅದನ್ನ ನಮ್ಮಪ್ಪ ಕೇಳ್ಲಿಲ್ಲ. ಕೊಂಡಾಂವಗ ಗೊತ್ತಿತ್ತು ನೋಡು, ನಾಳೆ ಬೆಳಗಾಗತೈತಿ ಅಂತ.'

ಸ್ಕೈಲ್ಯಾಬಿನ ಬಗ್ಗೆ ನಾನು ಓದಿದ್ದರಲ್ಲೆಲ್ಲ ಇಷ್ಟು ನೇರವಾದ ಮಾತು ಇನ್ನೊಂದಿಲ್ಲ. ಆ ದಿನಗಳ ಕಥೆಯನ್ನು ನಾವು ಯಾವಾಗಲೂ ಹಳ್ಳಿಗರ ಮುಗ್ಧತೆಯ ನಗೆಹನಿಯಾಗಿ ಹೇಳುತ್ತೇವೆ. ಮಾರಿದವರ ಬಗ್ಗೆ ನಗುತ್ತೇವೆ, ಕೊಂಡವರ ಬಗ್ಗೆ ಕೇಳುವುದಿಲ್ಲ. ಪತ್ರಿಕೆ ಓದಬಲ್ಲವನಿಗೂ ಓದಲಾರದವನಿಗೂ ನಡುವೆ ಇದ್ದ ಅಂತರ ಆ ವಾರ ಎರಡು ಆಡಿನ ಬೆಲೆಯಾಯಿತು. ಕೊಂಡವನು ಮೋಸ ಮಾಡಿದ ಎಂದೂ ಹೇಳಲಾರೆ, ಸಂತೆಯಲ್ಲಿ ಮಾರಲು ಬಂದದ್ದನ್ನು ಕೊಂಡ. ಆದರೆ ಅವನಿಗೆ ಸುದ್ದಿಯ ಉಳಿದರ್ಧ ಗೊತ್ತಿತ್ತು.

1979ರ ಜುಲೈ 11ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತು ಗಂಟೆಯ ಆಸುಪಾಸು, ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಎಸ್ಪೆರೆನ್ಸ್ ಸುತ್ತ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಆ ಊರಿನ ಆಡಳಿತ, ಕಸ ಚೆಲ್ಲಿದ್ದಕ್ಕೆಂದು ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ಮೊದಲ ಚೂರು ತಂದವರಿಗೆ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಸಾರಿದ್ದ 10,000 ಡಾಲರ್ ಬಹುಮಾನವನ್ನು ಅಲ್ಲಿಯ ಹದಿನೇಳರ ಹುಡುಗ ಗೆದ್ದ. ಅದೇ ಆಕಾಶದ ಕಸದಿಂದ ಒಬ್ಬನಿಗೆ ಹಣ ಬಂತು, ಇನ್ನೊಂದು ಊರಲ್ಲಿ ಹಟ್ಟಿ ಖಾಲಿಯಾಯಿತು.

ಏಳು ತಿಂಗಳು ಕಳೆದಿತ್ತಷ್ಟೆ, ನಮ್ಮ ಊರುಗಳ ಮೇಲೆ ನಿಜವಾಗಿಯೇ ಏನೋ ಬಂತು. ಚಂದ್ರನ ನೆರಳು. 1980ರ ಫೆಬ್ರವರಿ 16ರ ಮಧ್ಯಾಹ್ನದ ಪೂರ್ಣ ಸೂರ್ಯಗ್ರಹಣದ ಪಟ್ಟೆ ಅಂಕೋಲೆಯ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರು ಸೀಮೆ ದಾಟಿ ಹೈದರಾಬಾದಿನ ಕಡೆ ಹೋಯಿತು. ನಮ್ಮ ನಾಲ್ಕೂ ತಾಲೂಕುಗಳು ಆ ಪಟ್ಟೆಯೊಳಗಿದ್ದವು, ಕುಷ್ಟಗಿಯಂತೂ ನಡುರೇಖೆಯಿಂದ ಬಹಳ ದೂರವಿರಲಿಲ್ಲ. ಖಭೌತ ಸಂಸ್ಥೆಯವರು ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ, ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ಶಿಬಿರ ಹೂಡಿದ್ದರು. ಜಗತ್ತಿನ ವಿಜ್ಞಾನಿಗಳು ಸಾವಿರಾರು ಮೈಲಿ ಪ್ರಯಾಣ ಮಾಡಿ ನೋಡಲು ಬಂದದ್ದನ್ನು, ಎರಡು ನಿಮಿಷಕ್ಕೂ ಮೀರಿ ಅಂಗಳದಲ್ಲೇ ನಿಂತು ನೋಡಬಹುದಾಗಿದ್ದ ನಮ್ಮವರು ಬಾಗಿಲು ಹಾಕಿಕೊಂಡು ಒಳಗಿದ್ದರು. ಬೀದಿಗಳು ಬಿಕೋ ಎನ್ನುತ್ತಿದ್ದವು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಏಳು ತಿಂಗಳ ಹಿಂದೆ ಆಡು ಕಳೆದುಕೊಂಡವನು, ಈ ಸಲ ಆಕಾಶ ನೋಡು ಎಂದು ಯಾರೋ ಹೇಳಿದರೆ ಯಾಕೆ ನಂಬಬೇಕು? ಆ ಕಾಲದಲ್ಲಿ ಜಿ.ಟಿ. ನಾರಾಯಣರಾಯರಂಥವರು ಕನ್ನಡದಲ್ಲಿ ಖಗೋಳವನ್ನು ಸೊಗಸಾಗಿ ಬರೆಯುತ್ತಿದ್ದರು, ಊರೂರು ತಿರುಗಿ ಮಾತಾಡುತ್ತಿದ್ದರು. ಅಂಥವರು ಬೆರಳೆಣಿಕೆಯವರು, ಹಳ್ಳಿಗಳು ಸಾವಿರ.

ಇಷ್ಟೆಲ್ಲ ಸುಳ್ಳು ಭಯಗಳ ಕಥೆ ಹೇಳಿದ ಮೇಲೆ, ಹಾಗಾದರೆ ಕಲ್ಲು ಬೀಳುವುದೇ ಇಲ್ಲವೇ ಎಂದು ಕೇಳಬಹುದು. ಬೀಳುತ್ತವೆ. ಕರ್ನಾಟಕದಲ್ಲೇ 1865ರಲ್ಲಿ ಮದ್ದೂರಿನ ಬಳಿ, 1866ರಲ್ಲಿ ಉಡುಪಿಯ ಬಳಿ ಬಿದ್ದ ಉಲ್ಕಾಶಿಲೆಗಳು ದಾಖಲಾಗಿವೆ. ಅವು ಕೆಲವೇ ಕಿಲೋ ತೂಗಿದವು. ದೊಡ್ಡದನ್ನು ನೋಡಬೇಕಾದರೆ ಕೊಪ್ಪಳದಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೋಗಬೇಕು. ಕೃಷ್ಣೆ ದಾಟಿದ ಮೇಲೆ ನಮ್ಮ 250 ಕೋಟಿ ವರ್ಷ ಹಳೆಯ ಗ್ರಾನೈಟು ಮುಗಿದು ದಖನ್ನಿನ ಕಪ್ಪುಕಲ್ಲು ಶುರುವಾಗುತ್ತದೆ. ಆ ಕಪ್ಪುಕಲ್ಲಿನಲ್ಲಿ, ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 500 ಕಿಲೋಮೀಟರು ದೂರ, ಮಹಾರಾಷ್ಟ್ರದ ಲೋಣಾರ್ ಸರೋವರವಿದೆ. 1.8 ಕಿಲೋಮೀಟರು ಅಗಲದ ಆ ದುಂಡು ಗುಂಡಿ ಆಕಾಶದ ಕಲ್ಲು ಬಡಿದು ಆದದ್ದು. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದ ಮೇಲೆ ಒಡೆದ ಕಲ್ಲು 2000 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಮಲಗಿಸಿತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಯಾವುದೊಂದೂ ಅಷ್ಟು ದೊಡ್ಡದಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಒಡೆದದ್ದು 20 ಮೀಟರಿನದು, ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಮೊದಲೇ ಯಾರೂ ಕಂಡಿರಲಿಲ್ಲ. ಬೆಳಕು ನೋಡಿ ಕಿಟಕಿಗೆ ಓಡಿ ಬಂದವರ ಮುಖಕ್ಕೆ, ಹಿಂದಿನಿಂದ ಬಂದ ಶಬ್ದದ ಅಲೆಯಿಂದ ಗಾಜು ಸಿಡಿದು ಸುಮಾರು 1500 ಜನ ಗಾಯಗೊಂಡರು. ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ ಎಂಬ ಒಂದು ವಾಕ್ಯ ಗೊತ್ತಿದ್ದರೆ ಇವರಲ್ಲಿ ಎಷ್ಟೋ ಜನ ಪಾರಾಗುತ್ತಿದ್ದರು. ನಮ್ಮ ಶಾಲೆಗಳಲ್ಲಿ ಆ ವಾಕ್ಯವನ್ನು ಈಗಲೂ ಯಾರೂ ಹೇಳಿಕೊಡುತ್ತಿಲ್ಲ.

ಒಂದು ಕಿಲೋಮೀಟರಿಗಿಂತ ದೊಡ್ಡವುಗಳಲ್ಲಿ ಬಹುಪಾಲು ಪತ್ತೆಯಾಗಿವೆ; ಹತ್ತಿರದಲ್ಲಿ ಅವುಗಳ ಭಯವಿಲ್ಲ. ಒಂದು ಊರನ್ನೋ ಜಿಲ್ಲೆಯನ್ನೋ ಹಾಳುಮಾಡಬಲ್ಲ ಮಧ್ಯಮ ಗಾತ್ರದವುಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನಮ್ಮ ಕಣ್ಣಿಗೆ ಬಿದ್ದಿಲ್ಲ. ಕಂಡರೆ ಏನಾದರೂ ಮಾಡಬಹುದು ಎಂಬುದು ಈಗ ಬರೀ ಮಾತಲ್ಲ. 2022ರ ಸೆಪ್ಟೆಂಬರ್ 26ರಂದು ನಾಸಾ ಡಾರ್ಟ್ ಎಂಬ ನೌಕೆಯನ್ನು ಸುಮಾರು 160 ಮೀಟರಿನ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಗುದ್ದಿಸಿತು. ತನಗಿಂತ ದೊಡ್ಡದಾದ ಇನ್ನೊಂದು ಕ್ಷುದ್ರಗ್ರಹವನ್ನು ಅದು ಸುತ್ತುವ ಹೊತ್ತು ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಮನುಷ್ಯ ಆಕಾಶದ ಒಂದು ವಸ್ತುವಿನ ದಾರಿಯನ್ನು ಬದಲಿಸಿದ್ದು ಅದೇ ಮೊದಲು.

ಮುಂದಿನ ಪರೀಕ್ಷೆಯ ತೇದಿ ಈಗಲೇ ಗೊತ್ತಿದೆ. 2004ರ ಜೂನಿನಲ್ಲಿ ಪತ್ತೆಯಾದ ಅಪೋಫಿಸ್, ಮುನ್ನೂರು ಮೀಟರಿಗೂ ದೊಡ್ಡ ಕಲ್ಲು. ಅದೇ ವರ್ಷದ ಡಿಸೆಂಬರಿನ ಕೊನೆಯ ವಾರ, ಅದು 2029ರಲ್ಲಿ ಬಡಿಯುವ ಸಾಧ್ಯತೆ ನೂರಕ್ಕೆ 2.7ಕ್ಕೆ ಏರಿತ್ತು. ಆ ಸುದ್ದಿ ನಮಗೆ ತಲುಪಲಿಲ್ಲ, ಯಾಕೆಂದರೆ ಡಿಸೆಂಬರ್ 26ರಂದು ಸುನಾಮಿ ಬಂದಿತ್ತು. ಯಾರೂ ಮೇಲೆ ನೋಡುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ಎತ್ತಿನ ಗೊರಸಿನ ಗುರುತು ಸಿಕ್ಕಿತು. ಬಡಿಯುವುದಿಲ್ಲ, 2021ರ ಲೆಕ್ಕದ ಪ್ರಕಾರ ಇನ್ನು ನೂರು ವರ್ಷ ಅದರಿಂದ ಅಪಾಯವಿಲ್ಲ. ಆದರೆ ಭೂಮಿಯಿಂದ ಸುಮಾರು 32,000 ಕಿಲೋಮೀಟರು ಎತ್ತರದಲ್ಲಿ, ನಮ್ಮ ಟಿವಿ ಉಪಗ್ರಹಗಳಿಗಿಂತ ಕೆಳಗೆ, ಅದು ಹಾದುಹೋಗುತ್ತದೆ. ಅಷ್ಟು ದೊಡ್ಡದು ಅಷ್ಟು ಹತ್ತಿರ ಬರುವುದು ಸಾವಿರಾರು ವರ್ಷಗಳಿಗೊಮ್ಮೆ ಎನ್ನುತ್ತಾರೆ. ಏಷ್ಯಾ, ಆಫ್ರಿಕಾ, ಯುರೋಪುಗಳ ಹಲವು ಕಡೆ ಬರಿಗಣ್ಣಿಗೆ ಕಾಣುವ ನಿರೀಕ್ಷೆಯಿದೆ.

ಅಪೋಫಿಸ್ ಎಂದರೆ ಈಜಿಪ್ಟಿನವರ ಕತ್ತಲೆಯ ಹಾವು, ಸೂರ್ಯನನ್ನು ನುಂಗಲು ಹೊಂಚುವುದು. ನಮ್ಮ ರಾಹುವಿಗೆ ದೂರದ ನಂಟ. ಅದು ಹಾದುಹೋಗುವ ದಿನ 2029ರ ಏಪ್ರಿಲ್ 13, ಶುಕ್ರವಾರ. ಪಂಚಾಂಗ ತೆರೆದರೆ ಅಂದು ಅಮಾವಾಸ್ಯೆ. ವಾರ, ತೇದಿ, ತಿಥಿ ಮೂರೂ ಒಂದೇ ಕಡೆ ಕೂಡಿವೆ. ಟಿವಿಯವರಿಗೆ ಬೇರೇನೂ ಬೇಕಾಗುವುದಿಲ್ಲ. 'ಮ್ಯಾಲಿಂದ ಬೀಳತೈತಂತ' ಮತ್ತೆ ಹೊರಡುತ್ತದೆ, ಈ ಸಲ ಬಸ್‌ಸ್ಟ್ಯಾಂಡಿನಿಂದ ಸಂತೆಗೆ ಹೋಗಲು ಎರಡು ದಿನ ಹಿಡಿಯುವುದಿಲ್ಲ.

ನಾನು ಹೋದ ವರ್ಷದಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯ ಹಿರಿಯರಲ್ಲಿ ಸ್ಕೈಲ್ಯಾಬಿನ ವಾರ ಏನು ಮಾರಿದಿರಿ, ಯಾರಿಗೆ, ಎಷ್ಟಕ್ಕೆ ಎಂದು ಕೇಳಿ ಬರೆದುಕೊಂಡು ಬರಬೇಕು. ಕೇಳಿದ ಮೇಲೆ ಅವರಿಗೆ ಎತ್ತಿನ ಲೆಕ್ಕ ಹೇಳಿ ಬರಬೇಕು. ಒಬ್ಬ ಹುಡುಗಿ ಬಂದು ಹೇಳಿದಳು, ಅವಳ ಅಜ್ಜ ಎಲ್ಲ ಕೇಳಿಸಿಕೊಂಡು, 2029ರಲ್ಲಿ ಅದು ಎಷ್ಟೊತ್ತಿಗೆ ಬರುತ್ತದೆ ಎಂದು ವಿಚಾರಿಸಿದರಂತೆ. ತೀರ ಹತ್ತಿರ ಬರುವುದು ನಮ್ಮ ವೇಳೆಯಲ್ಲಿ ಬೆಳಗಿನ ಜಾವ ಮೂರು ದಾಟಿದ ಮೇಲೆ. ಆ ಹೊತ್ತಿಗೆ ಅದು ನಮ್ಮ ನೆತ್ತಿಯ ಮೇಲೆ ಇರುವುದಿಲ್ಲ, ಅದಕ್ಕೂ ಮೊದಲೇ ಹುಡುಕಬೇಕು ಎಂದು ಹೇಳಿಕಳಿಸಿದೆ. ಅಮಾವಾಸ್ಯೆಯಲ್ಲಿ ಬೆಳದಿಂಗಳು ಇರುವುದಿಲ್ಲವಾದ್ದರಿಂದ ಮಸುಕಾದ ಚುಕ್ಕೆಯೂ ಚೆನ್ನಾಗಿ ಕಾಣುತ್ತದೆ, ಊರ ಬೀದಿದೀಪಗಳಿಂದ ದೂರ ಹೋಗಿ ನಿಂತರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದೆ.